ಇಲ್ಲ, ಇಜ್ಜಿ, ನಾಹೀ

ಹೋಟೆಲಿನ ಹಿಂದಿನ ನಲ್ಲಿಯಲ್ಲಿ ಮಿಂದೇ ಹೊರಡುತ್ತೇನೆ
ರಾತ್ರಿ ಹತ್ತೂವರೆಗೆ, ಮಾಟುಂಗಾದಿಂದ.
ಅಂಗಿ ಬದಲಿಸಿ, ಉಗುರುಸಂದಿಯ ಹಿಟ್ಟು ಕೆರೆದು,
ತಲೆಗೆ ಎರಡು ಸಲ ಸೋಪು ಹಾಕಿ.
ಹುಡುಗರು ನಗುತ್ತಾರೆ: ಭುಜಂಗಣ್ಣನಿಗೆ ಈ ವಯಸ್ಸಲ್ಲಿ ಯಾರಪ್ಪಾ!
ನಗಲಿ.
ಒಗ್ಗರಣೆಯ ಒಂದೆಳೆ ವಾಸನೆ ಬೆನ್ನು ಹತ್ತಿ
ಭಾಂಡುಪಿನ ಮೂರನೆಯ ಮಾಳಿಗೆ ಏರಿತೆಂದರೆ
ಆ ರಾತ್ರಿ ಕೀರ್ತನ್ ಮಲಗುವುದಿಲ್ಲ,
ನಾವೂ.

ಮೊದಲು ಹೀಗಿರಲಿಲ್ಲ. ಹುಟ್ಟಿದಾಗ ಅಳಲೂ ಇಲ್ಲ,
ಹಿಂಡಿದ ಬಟ್ಟೆಯ ಹಾಗೆ ಕೈಯಲ್ಲಿ ಜೋತುಬಿದ್ದಿದ್ದ.
ಮೊಲೆ ಚೀಪುವ ಬಲವಿಲ್ಲ.
ಹತ್ತಿಯ ಬತ್ತಿ ಅದ್ದಿ ಅದ್ದಿ ಜಲಜಾ ಹಾಲು ತೊಟ್ಟಿಕ್ಕಿಸಿದಳು,
ಉಣ್ಣು ಮಗಾ, ಒಂದು ಗುಟುಕು ಎಂದು
ಕಂಡ ದೈವಕ್ಕೆಲ್ಲ ಹರಕೆ ಹೊತ್ತಳು.
ಯಾವ ದೈವ ಕೇಳಿಸಿಕೊಂಡಿತೋ,
ನಾಲ್ಕು ತುಂಬುವಾಗ ಹಸಿವು ಕೊಟ್ಟಿತು,
ಸಾಕು ಎಂಬುದನ್ನು ಕೊಡಲು ಮರೆಯಿತು.

ಪರೇಲಿನ ಆಸ್ಪತ್ರೆಯಲ್ಲಿ ಫಿಶ್ ಟೆಸ್ಟ್ ಅಂದರು.
ಬಂಗುಡೆಯೋ ಭೂತಾಯಿಯೋ ಅಂದುಕೊಂಡೆ, ಆಣೆ.
ಡಾಕ್ಟರಮ್ಮ ಚೀಟಿಯ ಬೆನ್ನಿಗೆ ಎರಡು ಗೆರೆ ಎಳೆದಳು:
ಹದಿನೈದನೆಯ ಜೋಡಿ. ಇದು ತಾಯಿಯದು, ಇದು ತಂದೆಯದು.
ತಂದೆಯ ಗೆರೆಯಲ್ಲಿ ಒಂದು ಚೂರು ಬಂದಿಲ್ಲ.
ನಿಮ್ಮ ತಪ್ಪಲ್ಲ, ಅಂದಳು. ಮತ್ತೊಮ್ಮೆ ಅಂದಳು.
ಮೂವತ್ತು ವರ್ಷ ಸಪ್ಲೈ ಮಾಡಿದವ ನಾನು,
ಒಂದು ಟೇಬಲಿನ ಇಡ್ಲಿ ಇನ್ನೊಂದಕ್ಕೆ ಇಟ್ಟವನಲ್ಲ.
ನನ್ನ ಕೈಯಿಂದ ತಲುಪದೆ ಉಳಿದ ತಟ್ಟೆ ಅದೊಂದೇ.

ಅಡಿಗೆಕೋಣೆಗೆ ಬಾಗಿಲು ಮಾಡಿಸಿದೆವು, ಬಾಗಿಲಿಗೆ ಬೀಗ.
ಬೀಗದ ಕೈ ಜಲಜಾಳ ಕರಿಮಣಿಗೆ ಸೇರಿತು.
ಊರಿಗೆಲ್ಲ ಬಡಿಸುವವ
ಹೆತ್ತ ಮಗನಿಗೆ ಬೀಗ ಹಾಕುತ್ತಾನೆ, ಅಂದರು.
ಹಾಕುತ್ತೇನೆ.

ಊಟ ಆಯ್ತಾ, ಒಣಸಾಂಡಾ, ಜೇವಲಾಸ್ ಕಾ,
ನಮ್ಮ ಮಹಡಿಯ ಮೂರೂ ಭಾಷೆಗೆ ಬೇರೆ ಕುಶಲ ಗೊತ್ತಿಲ್ಲ.
ಇಲ್ಲ, ಇಜ್ಜಿ, ನಾಹೀ, ಅನ್ನುತ್ತಾನೆ ಅವನು
ಕೇಳಿದವರ ಭಾಷೆಯಲ್ಲೇ.
ಸುಳ್ಳಲ್ಲ ಅದು. ಉಂಡೆದ್ದ ಬಾಯಿಂದ ಬಂದರೂ ಸುಳ್ಳಲ್ಲ.
ಪಾಪ ಎಂದು ತಾಂಬೆ ಕಾಕು ಒಮ್ಮೆ
ಆರು ಹೋಳಿಗೆ, ಮತ್ತಾರು, ಮತ್ತೂ ಕೊಟ್ಟು
ಹೊಟ್ಟೆ ಬಿರಿಯುವಂತಾಗಿ ಆಂಬ್ಯುಲೆನ್ಸು ಬಂತು.
ಆಮೇಲೆ ಅವಳೇ ಮನೆಮನೆಯ ಬಾಗಿಲು ತಟ್ಟಿ ಹೇಳಿದಳು.
ಈಗ ಮಹಡಿ ಕೇಳುತ್ತದೆ: ಕೀರ್ತನ್, ಕಿತೀ ವಾಜಲೇ?
ಗಡಿಯಾರ ನೋಡಿ, ಸೆಕೆಂಡು ಸಮೇತ ಹೇಳುತ್ತಾನೆ.

ತಿಂಗಳಿಗೊಂದು ಭಾನುವಾರ ಶಾಲೆಯೊಂದರ ಹಾಲಿನಲ್ಲಿ
ಕೂಡುತ್ತೇವೆ ನಾವು, ಹನ್ನೊಂದು ಮನೆಯವರು.
ಇಡೀ ಮುಂಬಯಿಯಲ್ಲಿ ಚಹಾ ಇಲ್ಲದ ಸಭೆ ಅದೊಂದೇ ಇರಬೇಕು.
ಕಲ್ಯಾಣದ ಮೃಣ್ಮಯಿ, ಆರು ವರ್ಷ.
ವಸಾಯಿಯ ಮೆಲ್ವಿನ್, ನಲವತ್ತೊಂದು,
ತಾಯಿ ತೀರಿದ ಮೇಲೆ ಕೀಲಿ ಅಕ್ಕನ ಕೊರಳಿಗೆ ಬಂತು.
ಸಾವಿರ ಚೂರಿನ ಚಿತ್ರವೊಂದನ್ನು ನೆಲಕ್ಕೆ ಸುರುವಿ
ಮಾತಿಲ್ಲದೆ ಜೋಡಿಸುತ್ತಾರೆ, ನಮಗಿಂತ ಬೇಗ.
ಹೊಸದಾಗಿ ಬಂದ ಅಪ್ಪ ಅಮ್ಮ ಅಳುತ್ತಾರೆ.
ನಾವು ಒಳ್ಳೆಯ ಬೀಗದ ಅಂಗಡಿಯ ವಿಳಾಸ ಬರೆದುಕೊಡುತ್ತೇವೆ.

ಕಳೆದ ಆಟಿಯಲ್ಲಿ ಜಲಜಾಳಿಗೆ ಜ್ವರ. ಬೀಗ ಮರೆತಿತ್ತು.
ಮೂರೂ ಹತ್ತಕ್ಕೆ ನನ್ನನ್ನು ಅಲ್ಲಾಡಿಸಿ ಎಬ್ಬಿಸಿದ.
ಅವಲಕ್ಕಿಯ ಡಬ್ಬ ಖಾಲಿ, ಕೊಬ್ಬರಿ ಖಾಲಿ,
ಗಲ್ಲಕ್ಕೆ ಬೆಲ್ಲ ಅಂಟಿತ್ತು.
ತೆರೆದ ಬೀಗ ಅಂಗೈಯಲ್ಲಿ, ಬೆವರಿಗೆ ಒದ್ದೆ.
ಹಾಕಪ್ಪಾ, ಅಂದ, ಅಳುತ್ತ. ಬೇಗ ಹಾಕು.
ಹಾಕಿದೆ. ಎಳೆದು ನೋಡಿದ. ಮತ್ತೆ ಎಳೆದು ನೋಡಿದ.
ಆ ಬಾಗಿಲಿಗೇ ಬೆನ್ನು ಕೊಟ್ಟು ನಿದ್ದೆ ಹೋದ
ಇಪ್ಪತ್ತಾರು ವರ್ಷದ ನನ್ನ ಮಗ.

ಪಕ್ಕದಲ್ಲಿ ಕೂತೆ. ಮೊದಲ ಲೋಕಲ್ ಹಾದುಹೋಯಿತು.
ನನಗೂ ಹಸಿವಾಗಿತ್ತು.
ಏಳಲಿಲ್ಲ.